ಕೋನು ನಿಲ್ಲುವಲ್ಲಿ

ಗಾಡಿ ಕಣ್ಣಿಗೆ ಬೀಳುವ ಮೊದಲೇ ಅದರೊಳಗೆ ಹಾಡುವ ಸ್ಪೀಕರಿನ ಡಬ್ಬಿ ಯಾವುದು ಎಂದು ರಾಜೇಶ್ವರಿಗೆ ಗೊತ್ತಾಯಿತು. ಒಲೆಯ ಮುಂದೆ ಕೂತು ಮೂರನೆಯ ರೊಟ್ಟಿ ಬಡಿಯುತ್ತಿದ್ದಳು. ಅಂಕಲಿ ರಸ್ತೆಯ ತಿರುವಿನ ಕಡೆಯಿಂದ ಬುಮ್ ಬುಮ್ ಎಂದು ಬಂತು. ಹಲಗೆಯ ಮೇಲಿನ ಸ್ಟೀಲಿನ ತಾಟುಗಳು ಒಂದಕ್ಕೊಂದು ತಾಕಿ ಗಿಲಿಗಿಲಿ ಅಂದವು. ತಾಟು ಅಲುಗಿದರೆ ದನಿ ನಲವತ್ತು ಹರ್ಟ್ಸ್. ಶೆಡ್ಡಿನ ತಗಡು ಗುಂಯ್ ಅಂದರೆ ಐವತ್ತರ ಮೇಲೆ. ಮೂವತ್ಮೂರಾದರೆ ಮನೆಯಲ್ಲಿ ಒಂದು ಚಮಚವೂ ಅಲುಗುವುದಿಲ್ಲ, ಹೊಟ್ಟೆಯ ತಳದಲ್ಲಿ ಮಾತ್ರ ಯಾರೋ ಮೆಲ್ಲಗೆ ಕೈಯಿಟ್ಟ ಹಾಗಾಗುತ್ತದೆ. ಈ ಡಬ್ಬಿ ಮೂವತ್ಮೂರಕ್ಕೆ ನಿಲ್ಲಬೇಕಾಗಿತ್ತು. ಹಾಳೆಯ ಮೇಲೆ ಗಂಡನಿಗೆ ಅವಳೇ ಬರೆದುಕೊಟ್ಟ ಅಂಕಿ ಅದು. ಬಡಿಯುತ್ತಿದ್ದ ರೊಟ್ಟಿ ಅಂಚಿನಲ್ಲಿ ಸೀಳಿತು. ಸೀಳಿದ್ದನ್ನು ಮುದ್ದೆ ಮಾಡಿ ಮತ್ತೆ ಬಡಿದಳು, ಮೊದಲಿಗಿಂತ ಜೋರಾಗಿ. ಅಂಗಳದಲ್ಲಿ ಶೇಂಗಾ ಒಡೆಯುತ್ತಿದ್ದ ಅತ್ತೆ ಸಾವಿತ್ರೆವ್ವ ದವಡೆ ಹಿಡಿದುಕೊಂಡು, "ನಿನ್ನ ಗಂಡನ ಡಬ್ಬಿ ಬಂದಾಗೊಮ್ಮೆ ನನ್ನ ಹಲ್ಲ ಅಲುಗ್ಯಾಡತಾವ ನೋಡ ಬೇ. ಇರೂವ ನಾಕು. ಅವನ್ನೂ ಉದುರಿಸಿ ಕೊಡ್ತಾನ," ಅಂದಳು. ಬೇರೆ ದಿನವಾಗಿದ್ದರೆ ರಾಜೇಶ್ವರಿ ನಗುತ್ತಿದ್ದಳು. ಇವತ್ತು ನಿನ್ನ ಗಂಡನ ಡಬ್ಬಿ ಎಂಬ ಮಾತಿಗೆ ತಲೆ ಎತ್ತದೆ ಹಿಟ್ಟು ನಾದಿದಳು.

ಎಂಟು ದಿನ. ಎಂಟು ದಿನದಿಂದ ಅವಳು ಈ ಸದ್ದಿಗೆ ಕಾಯುತ್ತಿದ್ದಳು. ಭಾಂಡೆ ತಿಕ್ಕುವಾಗ, ನೀರು ತುಂಬುವಾಗ, ಸಾಲಿ ಬಿಟ್ಟು ಬಂದ ಮಗಳಿಗೆ ತಲೆ ಬಾಚುವಾಗ ಒಂದು ಕಿವಿ ರಸ್ತೆಯ ಕಡೆಗೇ ಇರುತ್ತಿತ್ತು. ಮಗಳು "ಅವ್ವಾ, ಜಗ್ಗಬ್ಯಾಡ, ನೋಯ್ತೈತಿ" ಅಂದಾಗಲೇ ತನ್ನ ಕೈ ಬಿಗಿಯಾಗಿದೆ ಎಂದು ಅವಳಿಗೆ ತಿಳಿಯುತ್ತಿತ್ತು. ಬರಲಿ ಎಂದು ಕಾಯುತ್ತಿದ್ದಳೋ, ಬಾರದಿರಲಿ ಎಂದೋ, ಅದು ಮಾತ್ರ ಅವಳಿಗೆ ತಿಳಿದಿರಲಿಲ್ಲ.

ಬಿಳಿ ಬೊಲೆರೊ, ಗಂಡ ದುಂಡೇಶ ಡಬ್ಬಿ ಮಾಡುವ ಶೆಡ್ಡಿನ ಮುಂದೆ ನಿಂತಿತು. ಇಳಿದವನು ಅಥಣಿ ತಾಲೂಕಿನ ಅನಂತಪುರದ ಭಾವುಸಾಹೇಬ. ಕಬ್ಬು ಕಡಿಯುವ ಆಳುಗಳ ಗ್ಯಾಂಗುಗಳನ್ನು ತಂದು ಕಾರ್ಖಾನೆಗೆ ಟ್ರ್ಯಾಕ್ಟರು ಓಡಿಸುವ ದೊಡ್ಡ ಕುಳ. ಅಥಣಿ ದಾಟಿ ಅಷ್ಟು ದೂರದಿಂದ ಚಿಕ್ಕೋಡಿಯವರೆಗೆ ಬಂದವನ ಮುಖದಲ್ಲಿ ಧೂಳಿಗಿಂತ ಸಿಟ್ಟೇ ಹೆಚ್ಚು ಕೂತಿತ್ತು. ಅಡುಗೆಮನೆಯ ಕಿಟಕಿ ಶೆಡ್ಡಿಗೆ ಹತ್ತು ಮಾರು. ಅಲ್ಲಿ ಆಡಿದ ಮಾತೆಲ್ಲ ಇಲ್ಲಿಗೆ ಕೇಳಿಸುತ್ತದೆ. ಇಲ್ಲಿಯದು ಅಲ್ಲಿಗೆ ಕೇಳಿಸಿದ್ದು ಕಡಿಮೆ.

"ಕಾಯ್ ಹೇ, ದುಂಡೇಶ? ಏನ್ ಡಬ್ಬಿ ಮಾಡಿಕೊಟ್ಟೀಯೋ ಮಾರಾಯಾ? ಸ್ವಲ್ಪ ಆವಾಜ ಏರಿಸಿದ್ರ ಒಳಗ ಟಪ್ ಟಪ್ ಅಂತ ಯಾರೋ ಬಡದಂಗ ಆಗತೈತಿ. ನಿನ್ನೆ ಕಾಗವಾಡದಾಗ ಮನಿಗೆ ಬಂದ ಪಾವುಣ್ಯಾರ ಕುಂತಿದ್ರು ಗಾಡ್ಯಾಗ. ಸುಟ್ಟ ವಾಸನಿ ಬಂತು. ಮಾನ ಹೋತು ನಂದ."

"ಬರ್ರಿ ಸಾವಕಾರ್ರ, ಮೊದ್ಲ ಕುಂದರ್ರಿ. ಚಾ ತರಸ್ತೀನಿ."

"ಚಾ ಕುಡ್ಯಾಕ ಬಂದಿಲ್ಲ ನಾ."

ಆದರೂ ಕಿಟಕಿಯ ಕಡೆ ಕತ್ತು ತಿರುಗಿಸಿ, ಧ್ವನಿ ಮಿದು ಮಾಡಿಕೊಂಡು ಅತ್ತಿಗೆಯನ್ನು ಕರೆಯುವ ಹಾಗೆ ಅವನು, "ವೈನಿ, ಸಕ್ರಿ ಕಡಿಮಿ ಹಾಕ್ರಿ" ಅಂದ. ರಾಜೇಶ್ವರಿ ಹಿಟ್ಟಿನ ಕೈಯಲ್ಲೇ ಚಹಾದ ಪಾತ್ರೆ ಇಟ್ಟಳು.

ಟಪ್ ಟಪ್. ಅದು ಹಾಗೇ ಆಗುತ್ತದೆ. ಡಬ್ಬಿಗೊಂದು ಬಾಯಿ ಇರುತ್ತದೆ, ಬಾಯಿಯಿಂದ ಒಳಗೆ ಹೋಗುವ ಒಂದು ಕೊಳವೆ. ಕೊಳವೆ ಉದ್ದವಾದಷ್ಟೂ ಡಬ್ಬಿಯ ದನಿ ಕೆಳಗಿಳಿಯುತ್ತದೆ, ಗಿಡ್ಡವಾದಷ್ಟೂ ಏರುತ್ತದೆ. ಡಬ್ಬಿ ಯಾವ ಅಂಕಿಗೆ ಕೂತಿದೆಯೋ ಅದಕ್ಕಿಂತ ಕೆಳಗಿನ ದನಿ ಬಂದರೆ ಸ್ಪೀಕರಿಗೆ ಒಳಗಿನ ಗಾಳಿಯ ಆಸರೆ ತಪ್ಪಿ, ಅದರ ಕಪ್ಪು ಬಟ್ಟಲು ಹದ್ದು ಮೀರಿ ಕುಣಿದು ಹಿಂದಿನ ತಟ್ಟೆಗೆ ಬಡಿಯುತ್ತದೆ. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಮದುವೆಯಾದ ಹೊಸದರಲ್ಲಿ ದುಂಡೇಶ ಬಾಗಿಲು ಚೌಕಟ್ಟು ಮಾಡುತ್ತಿದ್ದ. ಒಂದು ದಿನ ಕೊಲ್ಲಾಪುರದ ಅಂಗಡಿಯವನೊಬ್ಬ ಕೊಟ್ಟ ಸ್ಪೀಕರು ಡಬ್ಬಿಯ ಸೂತ್ರದ ಚೀಟಿಯನ್ನು ಚಿಮಣಿ ದೀಪದ ಮುಂದೆ ಹಿಡಿದುಕೊಂಡು ಕೂತವನು, "ಇದರಾಗ ಎರಡ ಅಂತ ಮ್ಯಾಲ ಸಣ್ಣಗ ಬರದಾರಲ್ಲ, ಏನದು?" ಎಂದು ಕೇಳಿದ. ಪಿಯುಸಿಯವರೆಗೆ ವಿಜ್ಞಾನ ಓದಿದ್ದವಳು, "ವರ್ಗ. ಅದನ್ನ ಅದರಿಂದನ ಗುಣಿಸಬೇಕು" ಅಂದಳು. ಆಗ ಅವನು ಅವಳ ಮುಖವನ್ನು ನೋಡಿದ ರೀತಿಯನ್ನು ಅವಳು ಬಹಳ ದಿನ ಇಟ್ಟುಕೊಂಡಿದ್ದಳು, ಪೆಟ್ಟಿಗೆಯಲ್ಲಿ ಮದುವೆಯ ಸೀರೆ ಇಟ್ಟುಕೊಂಡ ಹಾಗೆ. ಆಮೇಲೆ ಎಷ್ಟು ಡಬ್ಬಿ ಆದವೋ. ಏಕಸಂಬಿಯ ಜೀಪು, ರಾಯಬಾಗದ ಡಾಕ್ಟರರ ಕಾರು, ಕಬ್ಬೂರಿನವರ ಟ್ರ್ಯಾಕ್ಟರು. ಹೊಲಕ್ಕೆ ನೀರು ಹಾಯಿಸುವ ಪೈಪಿನ ತುಂಡುಗಳನ್ನೇ ದುಂಡೇಶ ಕೊಳವೆಗೆ ತರುತ್ತಿದ್ದ, ಒಳಗೆ ಬಾವಿ ನೀರಿನ ಕೆಂಪು ಗೆರೆ ಕೂತ ಹಳೆಯ ಪೈಪು. ಪೈಪಿನ ಮೇಲೆ ಬರೆದ ಅಳತೆ ಹೊರಗಿನದು, ನಮಗೆ ಬೇಕಾದದ್ದು ಒಳಗಿನದು ಎಂದು ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಕೊನೆಗೆ ತಾನೇ ಅರಿವೆ ತೊಳೆದು ಬಂದ ತೇವದ ಕೈಯಲ್ಲಿ ಅಳೆದು ಬರೆದುಕೊಡುತ್ತಿದ್ದಳು. ಆದದ್ದರ ಮೇಲೆಲ್ಲ ಬೆಳ್ಳಿ ಬಣ್ಣದ ಚೀಟಿ ಬೀಳುತ್ತಿತ್ತು, ದುಂಡೇಶ ಸೌಂಡ್, ಚಿಕ್ಕೋಡಿ. ಅದಕ್ಕೆ ಅವಳಿಗೆ ಸಿಟ್ಟು ಬಂದಿರಲಿಲ್ಲ. ಬಂದಿತ್ತು. ಬಂದಿರಲಿಲ್ಲ ಅಂದುಕೊಂಡಿದ್ದಳು.

"ಕೊಳಿವಿ ಸಣ್ಣದಾತೋ ಏನೋ," ಭಾವುಸಾಹೇಬ ಹೇಳುತ್ತಿದ್ದ. "ನಿಪ್ಪಾಣ್ಯಾಗ ನಮ್ಮ ಹುಡುಗನ್ನ ಕೇಳಿದೆ. ಲೆಕ್ಕಾ ತಪ್ಪೈತಿ ಅಂದ."

ಚಹಾ ಉಕ್ಕಿ ಬರುತ್ತಿತ್ತು. ರಾಜೇಶ್ವರಿ ಉರಿ ತಗ್ಗಿಸಿ ಕಿವಿಗೊಟ್ಟಳು. ಈಗ ಹೇಳುತ್ತಾನೆ ಅಂದುಕೊಂಡಳು. ನಾನ ಕತ್ತರಿಸೀನಿ ಸಾವಕಾರ್ರ, ಜಾಗಾ ಸಾಲಲಿಲ್ಲ, ಎಂದು ಹೇಳುತ್ತಾನೆ. ಹೇಳಿದರೆ ತಾನೂ ಎಲ್ಲ ಮರೆಯಬಹುದಿತ್ತು.

"ಹೌದ್ರಿ," ದುಂಡೇಶ ಅಂದ. "ಲೆಕ್ಕಾ ನಮ್ಮ ಮನ್ಯಾಗಿನಾಕಿ ಮಾಡ್ಯಾಳ್ರಿ. ಆಕೀನ ತಪ್ಪ್ಯಾಳ."

ಹನ್ನೊಂದು ವರ್ಷ. ಹನ್ನೊಂದು ವರ್ಷದಲ್ಲಿ ಡಬ್ಬಿಯ ಮಾತಿನಲ್ಲಿ ಅವಳ ಸುದ್ದಿ ಮನೆಯ ಹೊರಗೆ ಬಂದದ್ದು ಇದೇ ಮೊದಲು. ಕಾಲ ಕೆಳಗಿನ ನೆಲ ತಣ್ಣಗಿತ್ತು. ಕಿವಿಯಲ್ಲಿ ಮಾತ್ರ ಬಿಸಿ ಏರಿತು. ಹೆಂಚಿನ ಮೇಲಿನ ರೊಟ್ಟಿ ಕರ್ರಗಾಗುತ್ತಿರುವುದು ಕಾಣುತ್ತಿತ್ತು, ತೆಗೆಯಬೇಕು ಎಂಬುದು ಹೊಳೆಯಲಿಲ್ಲ. ಸಾವಿತ್ರೆವ್ವನ ಕೈಯಲ್ಲಿ ಶೇಂಗಾ ಒಡೆಯುವ ಸದ್ದೂ ನಿಂತಿತ್ತು. ಮುದುಕಿಗೆ ಕಿವಿ ಮಂದ ಎಂದು ಊರೆಲ್ಲ ಅನ್ನುತ್ತದೆ, ಬೇಕಾದದ್ದು ಅವಳಿಗೆ ಯಾವತ್ತೂ ಕೇಳಿಸುತ್ತದೆ.

ಹಾಳೆಯಲ್ಲಿ ಹದಿಮೂರು ಇಂಚು ಎಂದು ಬರೆದಿದ್ದಳು. ಕೆಳಗೆ ಗೆರೆಯನ್ನೂ ಎಳೆದಿದ್ದಳು. ಡಬ್ಬಿಯ ಆಳ ಹದಿನಾಲ್ಕೇ ಇರುವುದರಿಂದ ಪೈಪು ನೇರ ಹೋದರೆ ಹಿಂದಿನ ಹಲಗೆಗೆ ಮೂಗು ತಾಗುವಷ್ಟು ಹತ್ತಿರವಾಗಿ ಗಾಳಿಯಾಡುವುದಿಲ್ಲ, ಒಳಗೆ ಒಂದು ಮೊಣಕೈ ಪೈಪಿನ ತುಂಡು ಕೊಟ್ಟು ಬಗ್ಗಿಸಬೇಕು ಎಂದು ಬಾಯಲ್ಲೂ ಹೇಳಿದ್ದಳು. ಆ ದಿನ ಶೆಡ್ಡಿನಲ್ಲಿ ವೈರಿಂಗಿನ ಜಕ್ಕಪ್ಪ ಇದ್ದ. ಮೊಣಕೈ ತರಲು ಪೇಟೆಗೆ ಯಾರು ಹೋಗಬೇಕು ಎಂಬುದು ದುಂಡೇಶನ ಮುಖದಲ್ಲೇ ಇತ್ತು. "ಕತ್ತರಿಸಿದ್ರ ಆತು, ಇಷ್ಟರಾಗ ಏನ ಕಡಮಿ ಆಗತೈತಿ," ಅಂದ ಅವನು. "ಆಗತೈತಿ, ಅದರಾಗನ ಎಲ್ಲಾ ಇರೂದು," ಅಂದಳು ಅವಳು. ಜಕ್ಕಪ್ಪ ಹಲ್ಲಿನಲ್ಲಿ ವೈರು ಸುಲಿಯುತ್ತ, "ದುಂಡೇಶಣ್ಣ, ಈ ಶೆಡ್ಡಿನ ಮಾಲಕ ಯಾರೋ? ನಂಗ ಇನ್ನೂ ತಿಳೀವಲ್ದು," ಎಂದು ನಕ್ಕ. ಗಂಡನ ಮುಖ ಆಗ ಬದಲಾದದ್ದನ್ನು ಅವಳು ನೋಡಿದಳು. "ಒಳಗ ನಡಿ," ಅಂದ. ಜೋರಾಗಿ ಅಲ್ಲ. ನಾಯಿಗೆ ಹೇಳುವ ಹಾಗೂ ಅಲ್ಲ. ಒಲೆಯ ಮೇಲಿನ ಹಾಲು ನೋಡು ಅನ್ನುವ ಹಾಗೆ ಅಂದ. ಅದಕ್ಕೇ ಅದು ಅಷ್ಟು ಆಳಕ್ಕೆ ಹೋಯಿತು. ಅವಳು ಒಳಗೆ ನಡೆದಳು. ಒಳಗೆ ಬಂದು ಪೈಪಿನ ಮೇಲೆ ಗರಗಸ ಆಡುವ ಸದ್ದು ಕೇಳುತ್ತ ಮಗಳ ಅಂಗಿಗೆ ಗುಂಡಿ ಹಚ್ಚಿದಳು.

ಚಿಕ್ಕಂದಿನಲ್ಲಿ ಅವಳ ಅಪ್ಪ, ಮಾಳಸಿದ್ದ, ಡೊಳ್ಳಿನ ಚರ್ಮವನ್ನು ಬೆಂಕಿಗೆ ಹಿಡಿಯುತ್ತಿದ್ದ. ಕುರಿ ಹಟ್ಟಿಯ ಮುಂದೆ ಹುಲ್ಲಿನ ಬೆಂಕಿ. ಕಾಯಿಸಿ ಕಾಯಿಸಿ ಬೆರಳಿನಿಂದ ಒಮ್ಮೆ ತಟ್ಟಿ, "ಹೆಂಗೈತಿ ರಾಜಿ?" ಎಂದು ಕೇಳುತ್ತಿದ್ದ. ಅವಳು ಕಣ್ಣು ಮುಚ್ಚಿ ಹೇಳುತ್ತಿದ್ದಳು, "ಎಡಕ ಇನ್ನೂ ಸಡಲ ಐತಿ." ಅವನು ಮತ್ತೆ ಕಾಯಿಸುತ್ತಿದ್ದ. ಅವಳು ಸರಿ ಅಂದ ಮೇಲೆಯೇ ಡೊಳ್ಳು ಹೆಗಲಿಗೇರುತ್ತಿತ್ತು. ಒಂದು ಸಲ, ಆರೋ ಏಳೋ ವರ್ಷದವಳಿದ್ದಾಗ, ಅವಳೇ ಅಂಗೈ ಇಟ್ಟಳು. ಬಿಸಿಯಾದ ಚರ್ಮ, ಬದುಕಿರುವ ಕುರಿಯ ಹೊಟ್ಟೆಯ ಹಾಗೆ. ಅಪ್ಪ ಕೈಗೆ ಪಟ್ಟನೆ ಹೊಡೆದ. "ಹೆಣ್ಮಕ್ಕಳು ಮುಟ್ಟಬಾರದು ಮಗಳ. ಕೇಳೂದ ಅಷ್ಟ." ತಾನು ಹೊಡೆದ ಅವಳ ಕೈಯನ್ನೇ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತ, ಪಾಪ. ಪ್ರೀತಿ ಇತ್ತು. ಪ್ರೀತಿ ಇಲ್ಲದವರ ಮೇಲೆ ಸಿಟ್ಟಾಗುವುದು ಎಷ್ಟು ಸುಲಭ. ದುಂಡೇಶನೂ ಜ್ವರ ಬಂದರೆ ಹಣೆಗೆ ಒದ್ದೆ ಅರಿವೆ ಹಾಕುವವನೇ.

ಚಹಾ ಸೋಸಿದಳು. ಸಿಟ್ಟು ಎಂದರೆ ಬರೀ ಸಿಟ್ಟಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಅದರ ಬುಡದಲ್ಲಿ ಇನ್ನೊಂದು ಇತ್ತು, ಎಂಟು ದಿನದಿಂದ ಅವಳು ಯಾರಿಗೂ ತೋರಿಸದೆ ಇಟ್ಟುಕೊಂಡದ್ದು. ಆ ಸಂಜೆ, ಡಬ್ಬಿಗೆ ಅಂಟು ಒಣಗಿ ಸ್ಪೀಕರು ಕೂರಿಸಿದ ಮೇಲೆ, ದುಂಡೇಶ ತಿರುಪು ಮೊಳೆ ತರಲು ಹೋದಾಗ, ಅವಳು ಶೆಡ್ಡಿಗೆ ಹೋಗಿದ್ದಳು. ಎಲ್ಲ ಡಬ್ಬಿಗೂ ಮಾಡುವ ಹಾಗೆ ಮೊಬೈಲಿನಲ್ಲಿದ್ದ ಸ್ವರಗಳನ್ನು ಒಂದೊಂದೇ ಬಿಟ್ಟಳು. ಮೂವತ್ತು, ಮೂವತ್ತೊಂದು, ಮೂವತ್ತೆರಡು. ಎಡಗೈಯ ಬೆರಳನ್ನು ಕೋನಿನ ಮೇಲೆ, ಅಂದರೆ ಆ ಕಪ್ಪು ಬಟ್ಟಲಿನ ಮೇಲೆ, ನೊಣ ಕೂತ ಹಾಗೆ ಇಟ್ಟಳು. ಬಲ ಅಂಗೈಯನ್ನು ಕೊಳವೆಯ ಬಾಯಿಗೆ. ಸರಿಯಾದ ಅಂಕಿ ಬಂದಾಗ ಒಂದು ವಿಚಿತ್ರ ನಡೆಯುತ್ತದೆ. ಕುಣಿಯುತ್ತಿದ್ದ ಕೋನು ನಿಂತೇ ಬಿಟ್ಟಿತೇನೋ ಅನ್ನುವಷ್ಟು ಸುಮ್ಮನಾಗುತ್ತದೆ, ಆಗಲೇ ಕೊಳವೆಯಿಂದ ಅಂಗೈಗೆ ಗಾಳಿ ಬುಸುಗುಡುತ್ತ ಬಂದು ಬಡಿಯುತ್ತದೆ. ಕೋನು ಸುಮ್ಮನಾದಾಗಲೇ ಡಬ್ಬಿ ಎಲ್ಲಕ್ಕಿಂತ ಜೋರಾಗಿ ಉಸಿರಾಡುತ್ತಿರುತ್ತದೆ. ಆ ಕ್ಷಣ ಅವಳಿಗೆ ಬಹಳ ಇಷ್ಟ. ಮೂವತ್ಮೂರು ಬಂತು. ಕೋನು ಬೆರಳನ್ನು ಒದೆಯುತ್ತಲೇ ಇತ್ತು. ಮೂವತ್ತಾರು. ಒದೆಯುತ್ತಲೇ ಇತ್ತು. ನಲವತ್ತಕ್ಕೆ ಬಂದು ನಿಂತಿತು. ಎಂಟು ಇಂಚಿಗೆ ಕತ್ತರಿಸಿದ್ದಾನೆ ಎಂದು ಆಗಲೇ ತಿಳಿಯಿತು, ಪೈಪನ್ನು ನೋಡುವ ಅಗತ್ಯವಿರಲಿಲ್ಲ.

ದುಂಡೇಶ ಮೊಳೆ ತಂದ. ಅವಳು ಕದದ ಹತ್ತಿರ ನಿಂತಿದ್ದಳು. ಹೇಳಬಹುದಿತ್ತು. ಒಂದೇ ಮಾತು, ನಲವತ್ತಕ್ಕ ಕುಂತೈತಿ. ಬಾಯಿಯಲ್ಲಿ ಆ ಮಾತು ಇತ್ತು, ಅಡಿಕೆಯ ಹೋಳಿನ ಹಾಗೆ. ನುಂಗಿದಳು. ಹೋಗಲಿ ಇದು, ಹೀಗೇ ಹೋಗಲಿ, ನಾಲ್ಕು ಮಂದಿಯ ಮುಂದೆ ಟಪ್ ಟಪ್ ಅನ್ನಲಿ, ತಾನು ಒಳಗೆ ಕಳಿಸಿದ ಹೆಂಗಸು ಯಾರು ಎಂದು ಆಗ ಅವನಿಗೆ ಗೊತ್ತಾಗಲಿ. ಮರುದಿನ ಭಾವುಸಾಹೇಬ ಬಂದು ಡಬ್ಬಿ ಹೇರಿಸಿಕೊಂಡಾಗ ಅವಳೇ ಬಾಗಿಲಲ್ಲಿ ನಿಂತು, "ಹೋಗಿ ಬರ್ರಿ" ಅಂದಿದ್ದಳು. ಮಗಳು ಸುಳ್ಳು ಹೇಳಿದರೆ ತೊಡೆ ಚಿವುಟುವ ತಾಯಿ. ಈಗ ಆಗಬೇಕಾದದ್ದು ಆಗಿತ್ತು, ದುಂಡೇಶ ಬಯಲಿಗೆ ಬಂದಿದ್ದ. ಬಯಲಿಗೆ ಬಂದವನು ತನ್ನ ಮೈಮೇಲಿನ ತಪ್ಪನ್ನು ತೆಗೆದು ಅವಳ ಮೇಲೆ ಹೊದಿಸಿದ್ದ, ಅಷ್ಟೇ ಸಹಜವಾಗಿ.

ಎರಡು ಕಪ್ ಚಹಾ ತೆಗೆದುಕೊಂಡು ಶೆಡ್ಡಿನ ಬಾಗಿಲವರೆಗೆ ಬಂದಳು. ಭಾವುಸಾಹೇಬನ ಸಿಟ್ಟು ಅಷ್ಟರಲ್ಲಿ ಇಳಿದಿತ್ತು. ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ, ದುಂಡೇಶನ ಬೆನ್ನು ತಟ್ಟುತ್ತಿದ್ದ.

"ಹಂಗಾರ ಬಿಡಪಾ, ಆತು. ಹೆಣ್ಮಕ್ಕಳ ಲೆಕ್ಕಾ. ನಮ್ಮ ಮನ್ಯಾಗಿನಾಕಿ ಹಾಲಿನ ಲೆಕ್ಕಾನೂ ಬೆರಳ ಎಣಿಸಿ ಮಾಡ್ತಾಳ. ವೈನಿಗೆ ಏನೂ ಅನಬ್ಯಾಡ ಮತ್ತ. ಸ್ಪೀಕರ ಹೋದ್ರ ಹೊಸಾದ ಹಾಕೂಣು. ನಿನ್ನ ಕೈಯಾಗಿನ ಕೆಲಸದ ಬಗ್ಗೆ ನಂಗ ಸಂಶೇ ಇಲ್ಲ."

ದುಂಡೇಶ ನಕ್ಕ. ದೊಡ್ಡ ನಗೆಯಲ್ಲ. ಗಂಡಾಂತರ ಕಳೆದವನ ನಗೆ. ನಗುತ್ತಲೇ ಅವಳನ್ನು ಕಂಡ, ಕಣ್ಣು ಕೆಳಗೆ ಮಾಡಿದ.

ಗಂಡನ ಮಾತನ್ನು ತಡೆದುಕೊಂಡಿದ್ದಳು. ಈ ಕ್ಷಮೆಯನ್ನು ತಡೆದುಕೊಳ್ಳಲಾಗಲಿಲ್ಲ. ಬೈದಿದ್ದರೆ, ಹಾಳು ಮಾಡಿದಿ ಅಂದಿದ್ದರೆ, ಡಬ್ಬಿಯನ್ನು ಅಂಗಳಕ್ಕೆ ಎಸೆದಿದ್ದರೆ! ಹಾಲಿನ ಲೆಕ್ಕ. ಹನ್ನೊಂದು ವರ್ಷದ ಹಾಳೆಗಳು, ಒದ್ದೆ ಕೈಯ ಅಳತೆಗಳು, ಹೊಟ್ಟೆಯ ತಳದಲ್ಲಿ ಮೆಲ್ಲಗೆ ಬಂದು ಕೂರುವ ಆ ಮೂವತ್ಮೂರು, ಎಲ್ಲವನ್ನೂ ಈ ಮನುಷ್ಯ ಸಕ್ಕರೆ ಕಡಿಮೆ ಹಾಕಿದ ಚಹಾದ ಜೊತೆ ಕ್ಷಮಿಸಿ ಕುಡಿಯಲು ಕೂತಿದ್ದ. ಚಹಾವನ್ನು ಕೆಲಸದ ಬೆಂಚಿನ ಮೇಲೆ, ಮರದ ಪುಡಿಯಲ್ಲಿ, ಇಟ್ಟಳು.

"ಲೆಕ್ಕಾ ತಪ್ಪಿಲ್ರಿ," ಅಂದಳು.

ಭಾವುಸಾಹೇಬ ದುಂಡೇಶನನ್ನು ನೋಡಿದ, ಮಾತಾಡಿದವನು ಅವನೇ ಎಂಬಂತೆ.

"ಒಳಗ ನಡಿ," ದುಂಡೇಶ ಮೆಲ್ಲಗೆ ಅಂದ. "ಆಮ್ಯಾಲ ಮಾತಾಡೂಣು."

"ಕೊಳಿವಿ ಎಷ್ಟ ಇಂಚ ಐತಿ ಕೇಳ್ರಿ ಇವ್ರನ್ನ."

"ಎಷ್ಟ ಐತೋ?"

"ಹತ್ತ... ಹನ್ನೊಂದ ಇರಬೇಕ್ರಿ. ನೆನಪಿಲ್ಲ."

"ಎಂಟ ಐತ್ರಿ," ರಾಜೇಶ್ವರಿ ಅಂದಳು. "ನಾ ಹದಿಮೂರ ಬರದ ಕೊಟ್ಟಿದ್ನಿ. ಜಾಗಾ ಸಾಲೂದಿಲ್ಲ ಅಂತ ಇವ್ರು ಕತ್ತರಿಸ್ಯಾರ."

"ಏ, ಡಬ್ಬಿ ಬಿಚ್ಚಿಲ್ಲ, ನೋಡಿಲ್ಲ, ಎಂಟ ಅಂತ ನಿಮಗ ಹೆಂಗ ಗೊತ್ತ ವೈನಿ?"

"ಕೇಳಸ್ತೈತ್ರಿ."

ಭಾವುಸಾಹೇಬ ನಗಲು ಬಾಯಿ ತೆರೆದವನು ದುಂಡೇಶನ ಮುಖ ನೋಡಿ ನಿಲ್ಲಿಸಿದ. ಆ ಮುಖದಲ್ಲಿ ಎಂಟು ಎಂದು ಬರೆದಿತ್ತು. ಕಬ್ಬಿನ ಗಾಡಿಯ ತೂಕವನ್ನು ಟೈರು ನೋಡಿ ಹೇಳುವ ಮನುಷ್ಯ ಅವನು, ಕಾರ್ಖಾನೆಯ ತೂಕದ ಕಾಟಾದವರ ಬಾಯಿಂದ ಸುಳ್ಳು ಹೊರಡುವ ಮೊದಲೇ ಹಿಡಿಯುವವನು. ಎತ್ತಿಕೊಂಡಿದ್ದ ಚಹಾದ ಕಪ್ಪನ್ನು ಕೆಳಗಿಟ್ಟ. ಕಣ್ಣು ಸಣ್ಣದಾಯಿತು.

"ಯಾವಾಗ ಕೇಳಿಸ್ತು?"

ಇವತ್ತ, ನೀವು ಬರೂವಾಗ. ಹಾಗೆ ಅಂದರೆ ಮುಗಿಯುತ್ತಿತ್ತು. ಅದೂ ಸುಳ್ಳೇನಲ್ಲ. ತಾಟು ಅಲುಗಿದ್ದವು, ಹಲ್ಲು ಅಲುಗಿದ್ದನ್ನು ಸಾವಿತ್ರೆವ್ವನೂ ಹೇಳುತ್ತಾಳೆ. ಲೆಕ್ಕ ಅವಳದಾಗುತ್ತಿತ್ತು, ತಪ್ಪು ಅವನದಾಗುತ್ತಿತ್ತು, ಅವಳು ಹಿಟ್ಟಿನ ಕೈ ಒರೆಸಿಕೊಂಡು ಶುದ್ಧಳಾಗಿ ಒಳಗೆ ಹೋಗಬಹುದಿತ್ತು. ಆದರೆ ಹಾಗೆ ಅಂದರೆ ಆ ಸಂಜೆ ಶೆಡ್ಡಿಗೆ ಹೋದವಳು, ಬೆರಳಿಟ್ಟವಳು, ನಲವತ್ತಕ್ಕೆ ಕೋನು ನಿಂತದ್ದನ್ನು ಕಂಡವಳು ಯಾರು? ಮಾಡಿದ ಕೆಲಸವೆಲ್ಲ ತನ್ನದು ಅನ್ನುವುದಾದರೆ ಆ ಸಂಜೆಯ ಮೌನವನ್ನು ಯಾರ ಮನೆಗೆ ಕಳಿಸುವುದು? ಅದನ್ನೂ ಇನ್ನೊಬ್ಬರ ಮೇಲೆ ಹೊದಿಸಿದರೆ ತನಗೂ ದುಂಡೇಶನಿಗೂ ವ್ಯತ್ಯಾಸವೇನು ಉಳಿಯಿತು? ಹೊರಗೆ ಅಂಗಳದಲ್ಲಿ ಸಾವಿತ್ರೆವ್ವ ಕೆಮ್ಮಿದಳು. ಬೇಡ ಎಂದೋ, ಹೇಳು ಎಂದೋ, ಬರೀ ಕೆಮ್ಮೋ.

"ಎಂಟ ದಿನದ ಹಿಂದನ ಕೇಳಿಸಿತ್ರಿ," ಅಂದಳು. "ನೀವು ಒಯ್ಯೂದಕಿಂತ ಮೊದ್ಲ. ಕೈ ಇಟ್ಟ ನೋಡಿದ್ನಿ. ನಲವತ್ತಕ್ಕ ಕುಂತಿತ್ತು. ಆವಾಜ ಹೆಚ್ಚಿಗಿ ಬಿಟ್ರ ಸ್ಪೀಕರ ಹೋಗತೈತಿ ಅಂತ ಗೊತ್ತಿತ್ತು."

"ಗೊತ್ತಿತ್ತು?"

"ಗೊತ್ತಿತ್ರಿ."

"ಗೊತ್ತಿದ್ದೂ ಕೊಟ್ಟ ಕಳಿಸಿದಿ?"

"ಹೌದ್ರಿ."

"ಯಾಕ?"

ದುಂಡೇಶ ಅವಳನ್ನೇ ನೋಡುತ್ತಿದ್ದ. ಎಂಟು ದಿನ ಒಂದೇ ತಾಟಿನ ಅನ್ನ ಉಂಡವನು. ಅವನ ಮುಖದಲ್ಲಿ ಸಿಟ್ಟು ಬರುವ ಮೊದಲಿನ ಖಾಲಿತನ ಇತ್ತು. ತನ್ನ ಮನೆಯಲ್ಲಿ ತನಗೆ ಗೊತ್ತಿಲ್ಲದ ಒಂದು ಕೋಣೆ ಇದೆ ಎಂದು ತಿಳಿದವನ ಹಾಗೆ. ಅದನ್ನು ನೋಡಿ ಅವಳಿಗೆ ಮರುಕ ಬಂತು. ಮರುಕ ಬಂದರೂ ಸಿಟ್ಟು ಹೋಗಲಿಲ್ಲ, ಎರಡೂ ಪಕ್ಕ ಪಕ್ಕ ನಿಂತವು.

"ಸಿಟ್ಟ ಬಂದಿತ್ರಿ," ಅಂದಳು.

ಆಗ ಭಾವುಸಾಹೇಬ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ವೈನಿ ಎಂಬ ಮಾತು ಅವನ ಬಾಯಿಂದ ಪೂರ್ತಿ ಹೋಗಿತ್ತು.

"ನಿಮ್ಮ ಗಂಡ ಹೆಂಡ್ತಿ ಜಗಳಕ್ಕ ನನ್ನ ಗಾಡಿನ ಬೇಕಾತೇನ? ಪಾವುಣ್ಯಾರ ಮುಂದ ನಾ ತೆಳಗ ಮಾರಿ ಹಾಕ್ಕೊಂಡ ಕುಂತಿದ್ನಿ. ಇಷ್ಟ ಬರತಿತ್ತು ನಿನಗ, ಕೈಯಾಗ ಇಷ್ಟ ವಿದ್ಯಾ ಇಟಗೊಂಡ ಹಾಳ ಮಾಡಿ ಕಳಸ್ತಿ? ವಿದ್ಯಾ ಬರಲಾರದಾಂವ ತಪ್ಪಿದ್ರ ನಾ ಬಿಡ್ತಿದ್ನಿ. ಬರತಿದ್ದಾಕಿ ತಪ್ಪಿಸಿದ್ರ ಹೆಂಗ ಬಿಡ್ಲಿ? ಹೇಳ, ಹೆಂಗ ಬಿಡ್ಲಿ?"

ಅವನು ಅವಳ ಕಣ್ಣು ನೋಡಿ ಬೈಯುತ್ತಿದ್ದ. ಒಂದು ಸಲವೂ ದುಂಡೇಶನ ಕಡೆ ತಿರುಗಲಿಲ್ಲ. ಬೈಗುಳ ಒಂದೊಂದಾಗಿ ಬಂದು ತಾಗುತ್ತಿತ್ತು, ತಾಗಿದ್ದೆಲ್ಲ ನೋಯುತ್ತಿತ್ತು, ಯಾವುದೂ ತಪ್ಪಿ ಬೇರೆಯವರಿಗೆ ಬೀಳುತ್ತಿರಲಿಲ್ಲ. ರಾಜೇಶ್ವರಿ ತಲೆ ತಗ್ಗಿಸಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡಳು. ಗೋಡೆಗೆ ತೂಗುಹಾಕಿದ್ದ ತಿರುಪುಳಿಯನ್ನು ತೆಗೆದುಕೊಂಡು ಬೊಲೆರೊದ ಹಿಂದಿನ ಬಾಗಿಲು ತೆರೆದಳು. ದುಂಡೇಶ, "ರಾಜಿ," ಅಂದ. ಅವಳು ಆಗಲೇ ಒಳಗೆ ಮೊಣಕಾಲೂರಿ ಕೂತಿದ್ದಳು. ಸ್ಪೀಕರಿನ ಸುತ್ತ ಎಂಟು ತಿರುಪು ಮೊಳೆ. ಮೊದಲನೆಯದು ಬಿಗಿಯಾಗಿತ್ತು. ಹಲ್ಲು ಕಚ್ಚಿ ತಿರುಗಿಸಿದಳು, ಕರ್ ಎಂದು ಸಡಿಲಿತು. ಅದನ್ನು ತೆಗೆದು, ಹಿಂತಿರುಗಿ ನೋಡದೆ, ಕೈಯನ್ನು ಹೊರಗೆ ಚಾಚಿದಳು.

"ಹಿಡೀರಿ," ಅಂದಳು. "ಕಳೀಬ್ಯಾಡ್ರಿ."

ಭಾವುಸಾಹೇಬ ಬೈಯುತ್ತಲೇ ಇದ್ದ. ಬೈಯುತ್ತಲೇ ಮುಂದೆ ಬಂದು ಬೊಗಸೆ ಒಡ್ಡಿದ.